ಗಿರಣಿ ಹತ್ತಿರ ಹುಡುಗ ಯಾಕೆ ಕೂಗಿದ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮಗನಿಗೆ ಆರು ವರ್ಷ. ಮಾತು ಕಡಿಮೆ. ಕರೆದರೆ ತಿರುಗಿ ನೋಡುವುದಿಲ್ಲ. ತಟ್ಟೆ ಸಿಕ್ಕರೆ ತಿರುಗಿಸುತ್ತಾ ಕೂತುಬಿಡುತ್ತಾನೆ. ಹಿಟ್ಟಿನ ಗಿರಣಿಗೆ ಹೋದರೆ ನೆಲಕ್ಕೆ ಬಿದ್ದು ಕೂಗುತ್ತಿದ್ದ. ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಿದ್ದ.

"ಹಟಮಾರಿ. ಎರಡು ಏಟು ಕೊಟ್ರೆ ಸರಿ ಹೋಗ್ತಾನೆ" ಅಂದರು ಜನ. "ಅವಳಿಗೆ ಮಗು ಸಾಕೋಕೆ ಬರಲ್ಲ" ಅಂದರು ಕೆಲವರು. ಅಕ್ಕ ಹೊಡೆದರು. ಕೂಗು ಜಾಸ್ತಿಯಾಯಿತು. ಕೊನೆಗೆ ಮಗನನ್ನು ಒಳಗೆ ಬಿಟ್ಟು, ಬೀಗ ಹಾಕಿ ಕೂಲಿಗೆ ಹೋಗತೊಡಗಿದರು. ಸುಳ್ಳು ಯಾಕೆ? ನಾವೂ ಮೊದಲು ಹಟ ಅಂತಲೇ ತಿಳಿದಿದ್ದೆವು.

ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿದಾಗ ಗೊತ್ತಾಯಿತು. ಅವನಿಗೆ ಆಟಿಸಂ ಇದೆ. ಇಂಥ ಮಕ್ಕಳ ಮೆದುಳು ಬೆಳೆಯುವ ರೀತಿ ಬೇರೆ. ಇದು ದೆವ್ವ ಅಲ್ಲ, ಶಾಪ ಅಲ್ಲ, ಹೆತ್ತವಳ ತಪ್ಪೂ ಅಲ್ಲ. ಎಷ್ಟೋ ಮಕ್ಕಳಿಗೆ ಸದ್ದು, ಬೆಳಕು ನಮಗಿಂತ ಹೆಚ್ಚು ತಾಗುತ್ತದೆ. ಹೇಳೋಣ ಅಂದರೆ ಮಾತು ಬರದು. ಆಗ ಕೂಗುತ್ತಾರೆ.

ಕೂಗುವ ಮೊದಲು ಏನಾಯಿತು, ಆಮೇಲೆ ಏನಾಯಿತು, ಬರೆದಿಡಿ ಎಂದರು ಅಲ್ಲಿಯವರು. ಅಕ್ಕ ಅಕ್ಷರ ಕಲಿತು ಐದೇ ತಿಂಗಳಾಗಿತ್ತು. ಆದರೂ ಬರೆದರು: 'ಗಿರಣಿ. ಸದ್ದು. ಕಿವಿ ಮುಚ್ಚಿದ. ಕೂಗಿದ. ಮನೆಗೆ ಬಂದೆವು. ಸುಮ್ಮನಾದ.' ಪ್ರತಿ ಸಲವೂ ಅದೇ. ಓದಿ ನಮಗೇ ನಾಚಿಕೆಯಾಯಿತು.

ಈಗ ಗಿರಣಿ ಓಡುವಾಗ ಅವನನ್ನು ಒಳಗೆ ಕರೆದೊಯ್ಯುವುದಿಲ್ಲ. ಎಲ್ಲಿಗೇ ಹೊರಟರೂ ಮೊದಲು ಚಿತ್ರ ತೋರಿಸುತ್ತಾರೆ. ಹಳೇ ಕ್ಯಾಲೆಂಡರಿನ ಹಿಂದೆ ಅವರೇ ಬರೆದ ದಾರಿ, ಅಂಗಡಿ, ಮನೆ. ಸದ್ದು ತಡೆಯಲಾಗದಿದ್ದರೆ ಸೆರಗು ಎಳೆ ಅಂತ ಕಲಿಸಿದ್ದಾರೆ. ಎಳೆದ ಕೂಡಲೇ ದೂರ ಕರೆದೊಯ್ಯಬೇಕು, ತಡ ಮಾಡಬಾರದು. "ಜಾಣ, ಚೆನ್ನಾಗಿ ಹೇಳ್ದೆ" ಅನ್ನುತ್ತಾರೆ. ಇದನ್ನು ಕಲಿಯಲು ಎರಡು ತಿಂಗಳು ಹಿಡಿಯಿತು. ಅತ್ತೆಗೂ ಹೇಳಿಕೊಟ್ಟರು. ಒಬ್ಬರು ಹೊಡೆದು ಒಬ್ಬರು ಮುದ್ದಿಸಿದರೆ ಮಗು ಏನು ಕಲಿತೀತು? ಈಗ ಅಜ್ಜಿಯೇ ನೋಡಿಕೊಳ್ಳುತ್ತಾರೆ. ಬೀಗ ಹಾಕುವುದು ನಿಂತಿದೆ. ಕೈ ಕಚ್ಚಿಕೊಳ್ಳುವುದು ಕಡಿಮೆಯಾಗಿದೆ. ಜಾತ್ರೆಗೆ ಮಾತ್ರ ಇನ್ನೂ ಹೋಗಲಾರ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಶೇಕಡಾ 40 ಅಥವಾ ಹೆಚ್ಚು ಎಂದು ಸರ್ಟಿಫಿಕೇಟ್ ಸಿಕ್ಕರೆ, 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಕಲಿಯುವುದು ಮಗುವಿನ ಹಕ್ಕು. ಜೂನ್‌ನಲ್ಲಿ ಅವನು ನಮ್ಮ ಶಾಲೆಗೆ ಬರುತ್ತಾನೆ. ಶಾಲೆಯ ಗಂಟೆಯ ಸದ್ದು ಅವನಿಗೆ ಆಗದು. ಹೊಡೆಯುವ ಮೊದಲು ಅವನಿಗೆ ಗಂಟೆಯ ಚಿತ್ರ ತೋರಿಸಬೇಕು ಎಂದು ಮಾತಾಡಿಕೊಂಡಿದ್ದೇವೆ.

ಬರೆಯಿರಿ: ನಿಮ್ಮ ಮನೆಯ ಮಗು ನಿನ್ನೆ ಯಾವಾಗ ಅತ್ತಿತು? ಅಳುವ ಮೊದಲು ಏನಾಗಿತ್ತು?