ಲಿಂಗ, ನಾಮಕರಣ ಮತ್ತು ಅಧಿಕಾರ: ಲಿಂಗತ್ವ ಅಲ್ಪಸಂಖ್ಯಾತರ ಸಾಮಾಜಿಕ ವಾಸ್ತವ

ಕನ್ನಡ ವ್ಯಾಕರಣದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಗಂಡಸರನ್ನು ಸೂಚಿಸುವ ಪದಗಳು ಪುಲ್ಲಿಂಗ, ಹೆಂಗಸರನ್ನು ಸೂಚಿಸುವವು ಸ್ತ್ರೀಲಿಂಗ, ಉಳಿದವು ಸಾಮಾನ್ಯವಾಗಿ ನಪುಂಸಕಲಿಂಗ. ಗಂಡು-ಹೆಣ್ಣೆಂಬ ಚೌಕಟ್ಟಿಗೆ ಒಳಪಡದ ಮನುಷ್ಯರನ್ನು ‘ನಪುಂಸಕ’ರೆಂದು ಕರೆದಾಗ ಅವರು ‘ಅದು’ ಎಂಬ ಸರ್ವನಾಮದ ವ್ಯಾಪ್ತಿಗೆ, ಅಂದರೆ ವಸ್ತುಗಳ ಸಾಲಿಗೆ ಸರಿಯುತ್ತಾರೆ. ಹೀಗೆ ಹೆಸರಿಡುವ ಅಧಿಕಾರ ಯಾರದು, ಅದು ಬದುಕನ್ನು ಹೇಗೆ ನಿಯಂತ್ರಿಸುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ವಸಾಹತುಶಾಹಿ ಪ್ರಭುತ್ವಕ್ಕೆ ಹೆಸರಿಡುವುದೆಂದರೆ ಪಟ್ಟಿಮಾಡುವುದಾಗಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗವು ‘ಯೂನಕ್’ ಎಂಬ ವರ್ಗವನ್ನು ನಿರ್ಮಿಸಿತು. ಮಕ್ಕಳ ಅಪಹರಣದಂತಹ ಅಪರಾಧಗಳ ಶಂಕೆಯುಳ್ಳವರ ಹೆಸರು, ವಾಸಸ್ಥಳಗಳನ್ನು ದಾಖಲಿಸಲು ಅದು ಆದೇಶಿಸಿತು. ಹೀಗೆ ದಾಖಲಾದವರು ಹೆಣ್ಣುಡುಗೆ ತೊಟ್ಟು ಸಾರ್ವಜನಿಕವಾಗಿ ಕಾಣಿಸಿಕೊಂಡರೆ ಬಂಧನಕ್ಕೆ ಒಳಗಾಗುತ್ತಿದ್ದರು. ದತ್ತು ಪಡೆಯುವ, ಉಯಿಲು ಬರೆಯುವ ಹಕ್ಕೂ ಅವರಿಗಿರಲಿಲ್ಲ. ಸ್ವಾತಂತ್ರ್ಯಾನಂತರವೂ ಈ ದೃಷ್ಟಿ ಅಳಿಯಲಿಲ್ಲವೆಂಬುದಕ್ಕೆ ಕರ್ನಾಟಕವೇ ನಿದರ್ಶನ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಲಾದ 36ಎ ಕಲಮು ಅದೇ ಪದವನ್ನು, ಅದೇ ಶಂಕೆಯನ್ನು, ಅದೇ ಪಟ್ಟಿಯನ್ನು ಮತ್ತೆ ತಂದಿತು. ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ ಬಳಿಕ ಆ ಪದದ ಜಾಗದಲ್ಲಿ ‘ವ್ಯಕ್ತಿ’ ಎಂಬ ಪದವನ್ನು ಸೇರಿಸಲಾಯಿತು. ಒಂದು ಪದದ ತಿದ್ದುಪಡಿಗೂ ಹೋರಾಟ ಬೇಕಾಯಿತೆಂಬುದು ಗಮನಾರ್ಹ.

ಇದಕ್ಕೆ ವ್ಯತಿರಿಕ್ತವಾದ ನೆಲೆ ಅರ್ಜೆಂಟೀನಾದ 2012ರ ಕಾಯ್ದೆಯದು. ಶಸ್ತ್ರಚಿಕಿತ್ಸೆಯಾಗಲಿ, ವೈದ್ಯರ ಪ್ರಮಾಣಪತ್ರವಾಗಲಿ, ನ್ಯಾಯಾಲಯದ ಅನುಮತಿಯಾಗಲಿ ಇಲ್ಲದೆ, ವ್ಯಕ್ತಿಯ ಸ್ವಂತ ಹೇಳಿಕೆಯ ಆಧಾರದ ಮೇಲೆಯೇ ದಾಖಲೆಯಲ್ಲಿನ ಹೆಸರು ಮತ್ತು ಲಿಂಗವನ್ನು ತಿದ್ದಲು ಅದು ಅವಕಾಶ ನೀಡಿತು. ಪಾಕಿಸ್ತಾನದ 2018ರ ಕಾಯ್ದೆಯೂ ಸ್ವಯಂ-ಗುರುತನ್ನು ಒಪ್ಪಿತ್ತು. ಆದರೆ 2023ರಲ್ಲಿ ಅಲ್ಲಿನ ಫೆಡರಲ್ ಶರಿಯತ್ ನ್ಯಾಯಾಲಯವು ಅದರ ಮುಖ್ಯ ಅಂಶಗಳು ಇಸ್ಲಾಮಿಗೆ ವಿರುದ್ಧವೆಂದು ತೀರ್ಪಿತ್ತಿತು. ಭಾರತದಲ್ಲಿ 2014ರ ಸುಪ್ರೀಂ ಕೋರ್ಟಿನ ತೀರ್ಪು ಲಿಂಗತ್ವವನ್ನು ಸ್ವತಃ ನಿರ್ಧರಿಸುವ ಹಕ್ಕನ್ನು ಎತ್ತಿಹಿಡಿದರೆ, 2019ರ ಕಾಯ್ದೆ ಜಿಲ್ಲಾ ದಂಡಾಧಿಕಾರಿಯ ಪ್ರಮಾಣಪತ್ರವನ್ನು ವಿಧಿಸಿತು. ದೇಶಗಳು ಬೇರೆಯಾದರೂ ವಿವಾದದ ಕೇಂದ್ರ ಒಂದೇ: ‘ನಾನು ಯಾರು’ ಎಂಬ ಮಾತಿಗೆ ಮತ್ತೊಬ್ಬರ ಮೊಹರು ಬೇಕೆ?

ಕಾನೂನಿಗಿಂತ ಮೊದಲೇ ನಮ್ಮ ಜನಪದವು ತನ್ನದೇ ಆದ ಹೆಸರೊಂದನ್ನು ಕೊಟ್ಟಿತ್ತು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು ‘ಜೋಗತಿ’ಯರಾಗುತ್ತಾರೆ, ಚೌಡಿಕೆ ಪದ ಹಾಡುತ್ತಾರೆ, ಕೊಡ ಹೊತ್ತು ಕುಣಿಯುತ್ತಾರೆ. ಇಲ್ಲಿ ಗೌರವವಿದೆ, ಆದರೆ ಅದು ದೇವತೆಯ ಮೂಲಕ ಬಂದ ಗೌರವ. ಜೋಗತಿಯ ಪಾದ ಮುಟ್ಟುವ ಮನೆಯೇ ತನ್ನಲ್ಲಿ ಅಂತಹ ಮಗು ಹುಟ್ಟಿದರೆ ಹೊರಹಾಕುವುದುಂಟು. ಜೋಗ ಬೇಡುವುದು ಆಚರಣೆಯೂ ಹೌದು, ಬೇರೆ ದಾರಿ ಮುಚ್ಚಿದ್ದರ ಪರಿಣಾಮವೂ ಹೌದು. ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದುದು ಸಾಮಾನ್ಯ ಸಂಗತಿಯಲ್ಲ. ಆದರೆ ಒಬ್ಬರ ಸಾಧನೆಯನ್ನು ಇಡೀ ಸಮುದಾಯದ ಸ್ಥಿತಿಯೆಂದು ಓದುವುದು ತಪ್ಪಾದೀತು.

ಪ್ರಭುತ್ವ ಮತ್ತು ಸಂಪ್ರದಾಯಗಳ ಆಚೆಗೆ, ಸ್ವತಃ ತಮ್ಮನ್ನು ಹೆಸರಿಸಿಕೊಳ್ಳುವ ನೆಲೆ ಆತ್ಮಕಥನದ್ದು. ಎ. ರೇವತಿಯವರ ಆತ್ಮಕಥನವು ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿದೆ. ಮನೆಯವರ ಹೊಡೆತ, ಪೊಲೀಸರ ದೌರ್ಜನ್ಯ, ಹಮಾಮುಗಳ ಬದುಕು ಇಲ್ಲಿ ‘ನಾನು’ ಎಂಬ ಸರ್ವನಾಮದಲ್ಲಿ ನಿರೂಪಿತವಾಗುತ್ತವೆ. ಕನ್ನಡದ ‘ನಾನು’ವಿಗೆ ಲಿಂಗಭೇದವಿಲ್ಲ.

ಒಟ್ಟಾರೆ, ‘ಹಿಜಡಾ’, ‘ಮಂಗಳಮುಖಿ’, ‘ತೃತೀಯಲಿಂಗಿ’ ಮುಂತಾದ ಪದಗಳನ್ನು ಪರ್ಯಾಯಗಳೆಂಬಂತೆ ಬಳಸುವ ರೂಢಿಯನ್ನು ನಮ್ಮ ಅಧ್ಯಯನಗಳು ಮರುಪರಿಶೀಲಿಸಬೇಕಾಗಿದೆ. ಪ್ರತಿ ಪದಕ್ಕೂ ಅದರದೇ ಆದ ಚರಿತ್ರೆಯಿದೆ. ಕ್ಷೇತ್ರಕಾರ್ಯದಲ್ಲಿ ಮೊದಲ ಪ್ರಶ್ನೆ ‘ನೀವು ಯಾರು’ ಎಂಬುದಕ್ಕಿಂತ ‘ನಿಮ್ಮನ್ನು ಏನೆಂದು ಕರೆಯಬೇಕು’ ಎಂದಾಗಬೇಕು. ಗಂಡು-ಹೆಣ್ಣೆಂದು ವಿಂಗಡಿಸದೆ ಮನುಷ್ಯರೆಲ್ಲರನ್ನೂ ಗೌರವದಿಂದ ಸೂಚಿಸಬಲ್ಲ ‘ಅವರು’ ಎಂಬ ಪದ ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಅದನ್ನು ಬಳಸಲು ಹೊಸ ವ್ಯಾಕರಣವೇನೂ ಬೇಕಿಲ್ಲ.