ಹಣ ಕಟ್ಟಿದ ಗೇಮ್, ಕಾರಣ ಹೇಳದ ಬ್ಯಾನ್

ಪ್ರಶ್ನೆ: ಮೊಬೈಲ್ ಗೇಮ್‌ನಲ್ಲಿ ನನ್ನ ಖಾತೆಯನ್ನು ದಿಢೀರ್ ಬ್ಯಾನ್ ಮಾಡಿದ್ದಾರೆ. ದುಡ್ಡು ಕೊಟ್ಟು ಕೊಂಡ ಸ್ಕಿನ್‌ಗಳೆಲ್ಲ ಹೋದವು. ಎಷ್ಟು ಸಲ ದೂರಿದರೂ ಅದೇ ಸಿದ್ಧ ಉತ್ತರ. ಏನು ಮಾಡಲಿ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮೋಸದಾಟ ತಡೆಯಲು ಬ್ಯಾನ್ ಬೇಕು. ಆದರೆ ತಪ್ಪೇನೆಂದು ಹೇಳದೆ ಶಿಕ್ಷಿಸುವುದು ಅನ್ಯಾಯ.

ಮೊದಲು ಪ್ಲೇಯರ್ ಐಡಿ, ಬ್ಯಾನ್ ಸಂದೇಶದ ಸ್ಕ್ರೀನ್‌ಶಾಟ್, ಯುಪಿಐ ಅಥವಾ ಆ್ಯಪ್ ಸ್ಟೋರ್ ರಸೀದಿಗಳನ್ನು ದಿನಾಂಕವಾರು ಜೋಡಿಸಿಕೊಳ್ಳಿ. ಚಾಟ್‌ನಲ್ಲಿ ಜಗಳವಾಡುತ್ತ ಕೂರಬೇಡಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆಯಿರಿ: ಯಾವ ನಿಯಮ ಮುರಿದೆ, ಯಾವತ್ತು? ಸಿಬ್ಬಂದಿಯೇ ಖುದ್ದಾಗಿ ಮರುಪರಿಶೀಲಿಸಲಿ ಎಂದು ಕೇಳಿ.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ಒಂದು ಎಚ್ಚರಿಕೆ: ‘ಬ್ಯಾನ್ ತೆಗೆಸಿಕೊಡುತ್ತೇವೆ’ ಎನ್ನುವ ಅಪರಿಚಿತರಿಗೆ ಪಾಸ್‌ವರ್ಡ್, ಒಟಿಪಿ ಕೊಡಬೇಡಿ. ಕೊಟ್ಟರೆ ಖಾತೆಯ ಜೊತೆ ಬ್ಯಾಂಕಿನ ಹಣವೂ ಹೋದೀತು.