ಅರಿಯದ ಸ್ಮರಣೆಯೂ ಕಣ್ಣಿನ ನಡೆಯೂ

ಬಹುಕಾಲ ಒಂದೇ ಸತ್ಯವೇದವನ್ನು ಓದಿದ ತಾಯಂದಿರು, ಬೇಕಾದ ವಾಕ್ಯವು ಪುಟದ ಯಾವ ಭಾಗದಲ್ಲಿದೆಯೆಂದು ಹೇಳಲಾರದಿದ್ದರೂ, ಪುಸ್ತಕವನ್ನು ತೆರೆದೊಡನೆ ಅಲ್ಲಿಗೇ ದೃಷ್ಟಿಯನ್ನು ಇಳಿಸುವುದುಂಟು. ಹೊಸ ಅಚ್ಚಿನ ಪ್ರತಿಯಲ್ಲಿ ಅದೇ ವಾಕ್ಯಕ್ಕಾಗಿ ತಡಕಾಡುವರು. ವಾಕ್ಯವು ಮರೆತುಹೋದುದಲ್ಲ; ಅದರ ನೆರೆಹೊರೆಯು ಬದಲಾದುದು.

ಈ ವಿಷಯವನ್ನು ಮನಶ್ಶಾಸ್ತ್ರಜ್ಞರು ಪ್ರಯೋಗದಿಂದಲೂ ಪರೀಕ್ಷಿಸಿರುವರು. ಅಮೆರಿಕ ದೇಶದ ಮಾರ್ವಿನ್ ಚುನ್, ಯುಹಾಂಗ್ ಜಿಯಾಂಗ್ ಎಂಬಿಬ್ಬರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರದೆಯ ಮೇಲೆ ಚದರಿದ ಅನೇಕ ‘ಎಲ್’ ಅಕ್ಷರಗಳ ನಡುವೆ ಒಂದೇ ಒಂದು ‘ಟಿ’ ಅಕ್ಷರವನ್ನು ಹುಡುಕಿಸಿದರು. ಕೆಲವು ಜೋಡಣೆಗಳು ಮರಳಿ ಮರಳಿ ಬರುತ್ತಿದ್ದವು. ಮಿಕ್ಕವು ಪ್ರತಿಸಲವೂ ಹೊಸವು. ಮರಳಿ ಬಂದವುಗಳಲ್ಲಿ ಆ ಅಕ್ಷರವು ಕ್ರಮೇಣ ಬೇಗ ಸಿಕ್ಕಿತು. ಉಳಿದ ಕಾಲವು ಸೆಕೆಂಡಿನ ಒಂದು ಸಣ್ಣ ಅಂಶ ಮಾತ್ರವೆಂಬುದು ನಿಜ. ಆದರೂ, ಯಾವುದನ್ನು ಮೊದಲು ಕಂಡಿದ್ದಿರಿ ಎಂದು ಕೇಳಿದಾಗ, ಅವರ ಉತ್ತರವು ಬರಿಯ ಊಹೆಗಿಂತ ಮೇಲಾಗಿರಲಿಲ್ಲ! ಬುದ್ಧಿಯು ಅರಿಯದುದನ್ನು ಕಣ್ಣು ಅರಿತಿತ್ತು.

ವೈಟ್‌ಫೀಲ್ಡಿನ ಕಡೆಯವರಿಗೆ ಇದು ಪರಿಚಿತವಾದ ಸಂಗತಿಯೇ. 2023ರಲ್ಲಿ ಮೆಟ್ರೋ ರೈಲು ಕಾಡುಗೋಡಿಯವರೆಗೆ ಬಂದಿತು. ಅದಕ್ಕೆ ಮುಂಚಿನ ಕಾಮಗಾರಿಯ ವರುಷಗಳಲ್ಲಿ ಹಳೆಯ ಗುರುತುಗಳು ಮರೆಯಾಗಿ ಒಂದೇ ಬಗೆಯ ಕಂಬಗಳು ಸಾಲಾಗಿ ಎದ್ದವು. ದಿನವೂ ಬಸ್ಸಿನಲ್ಲಿ ಹೋಗುವವರಿಗೂ ತಾವಿಳಿಯುವ ಸ್ಥಳವನ್ನು ಗುರುತಿಸಲು ಕಷ್ಟವಾಗಿದ್ದರೆ ಆಶ್ಚರ್ಯವಿಲ್ಲ.

ಹೀಗೆ ಉಪಕಾರಿಯಾದ ಸ್ಮರಣೆಯೇ ರಸ್ತೆಯನ್ನು ದಾಟುವಾಗ ಅಪಾಯಕ್ಕೆ ಎಡೆಗೊಡಬಹುದು. ನಮ್ಮ ದೇಶದಲ್ಲಿ ವಾಹನಗಳು ಎಡಬದಿಯಲ್ಲಿ ನಡೆಯುವುದರಿಂದ, ಹೋಪ್ ಫಾರ್ಮ್ ವೃತ್ತದ ಬಳಿ ರಸ್ತೆಗೆ ಇಳಿಯುವ ಬಾಲಿಕೆಯ ದೃಷ್ಟಿಯು ತಾನಾಗಿ ಬಲಕ್ಕೆ ಹೋಗುತ್ತದೆ. ವಾಹನವು ಮೊದಲು ಅತ್ತಲಿಂದಲೇ ಬರುವುದೆಂದು ನೂರಾರು ಸಲದ ಅನುಭವವು ಕಲಿಸಿದೆ. ನಿಯಮವನ್ನು ಮೀರಿ ಎಡದಿಂದ ಸದ್ದಿಲ್ಲದೆ ಬರುವ ವಿದ್ಯುತ್ ಸ್ಕೂಟರು ಆ ಕಲಿಕೆಯೊಳಗೆ ಸೇರಿಲ್ಲ. ‘ಗಮನವಿಟ್ಟು ನಡೆ’ ಎಂದು ಗದರಿಸುವುದರಿಂದ ಹೆಚ್ಚಿನ ಪ್ರಯೋಜನವನ್ನು ನಾನು ಕಾಣೆನು. ಅವಳು ಗಮನವನ್ನು ಇಟ್ಟೇ ಇದ್ದಾಳೆ, ಇಟ್ಟ ಸ್ಥಳ ಬೇರೆ.

ಪರಿಚಿತವಾದ ಜೋಡಣೆಯಲ್ಲಿ ‘ಟಿ’ ಅಕ್ಷರವನ್ನು ಬೇರೆಡೆಗೆ ಸರಿಸಿದರೆ ಹಿಂದಿನ ಲಾಭವು ಇಲ್ಲವಾಗುವುದೆಂದೂ, ಹೊಸ ಸ್ಥಳವನ್ನು ಕಲಿಯಲು ಕಣ್ಣು ಬಹಳ ನಿಧಾನಿಸುವುದೆಂದೂ ಮುಂದಿನ ಪ್ರಯೋಗಗಳಿಂದ ತಿಳಿದುಬಂದಿದೆ. ಆದಕಾರಣ ಒಂದು ದಿನದ ಬುದ್ಧಿವಾದವು ಸಾಲದು. ಶಾಲೆ ತೆರೆದ ಮೊದಲ ಕೆಲವು ವಾರಗಳಾದರೂ ತಂದೆತಾಯಿಗಳು ಮಗುವಿನೊಡನೆ ರಸ್ತೆಯ ಅಂಚಿನಲ್ಲಿ ನಿಂತು, ಬಲಕ್ಕೆ ನೋಡಿದ ಬಳಿಕ ಎಡಕ್ಕೂ ತಲೆಯನ್ನು ತಿರುಗಿಸಿ, ಅತ್ತಲಿಂದ ಏನು ಬರುತ್ತಿದೆಯೆಂಬುದನ್ನು ಬಾಯಿಬಿಟ್ಟು ಹೇಳಿಸಿದ ಮೇಲೆಯೇ ದಾಟಿಸಬೇಕು.